ಗಸಗಸೆ ಹಾಕಬೇಡ, ತಂಗಿ

ತಂಗಿ, ನಿನ್ನ ಪ್ರಶ್ನೆ ಓದಿದೆ. ಗಂಡ ಅಮೆರಿಕದ ಸೈನ್ಯ ಸೇರಿ ಈಗ ಕುವೈತಿನಲ್ಲಿದ್ದಾರೆ. ನೀನು ಧಾರವಾಡದಿಂದ ಟೆಕ್ಸಾಸಿನ ಕಿಲೀನ್‌ಗೆ ಬಂದು ಮೂರು ತಿಂಗಳಾಗಿದೆ. ಕ್ರಿಸ್‌ಮಸ್‌ಗೆ ಅವರಿಗೆ ಏನು ಕಳಿಸಲಿ, ಯಾವ ಕೊರಿಯರ್‌ನಲ್ಲಿ ಕಳಿಸಲಿ, ಇಲ್ಲಿ ಒಬ್ಬಳೇ ಹೇಗೆ ದಿನ ಕಳೆಯಲಿ ಅಂತ ಕೇಳಿದ್ದೀಯ.

ಕೊನೆಯದಕ್ಕೆ ಮೊದಲು ಹೇಳುತ್ತೇನೆ. ಕಾರು ಓಡಿಸುವುದು ಕಲಿ. ಉಳಿದದ್ದು ನಿಧಾನಕ್ಕೆ ಆಗುತ್ತದೆ.

ನಾನು ಇಲ್ಲಿಗೆ ಬಂದಿದ್ದು 2003ರಲ್ಲಿ, ಎರಡು ವರ್ಷದ ಮಗನನ್ನು ಎತ್ತಿಕೊಂಡು. ಆ ಡಿಸೆಂಬರಿನಲ್ಲಿ ಊರಿಗೆ ಕಾಗದ ಹಾಕಲು ಅಂಚೆ ಕಚೇರಿಗೆ ಹೋದರೆ ಸಾಲು ಬಾಗಿಲ ಹೊರಗೂ ಬಂದಿತ್ತು. ಎಲ್ಲರ ಕೈಯಲ್ಲೂ ಪೆಟ್ಟಿಗೆ. ಇಲ್ಲೇ ಪಕ್ಕದ ಸೈನಿಕ ನೆಲೆ ಫೋರ್ಟ್ ಹುಡ್‌ನ ಹುಡುಗರು ಆಗ ಇರಾಕಿನಲ್ಲಿದ್ದರು. ನನ್ನ ಮುಂದಿದ್ದ ವಯಸ್ಸಾದ ಹೆಂಗಸು ಪೆಟ್ಟಿಗೆಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಸದ್ದು ಬಂದರೆ ದಾರಿಯಲ್ಲಿ ಒಡೆಯುತ್ತದೆ, ಸಂದಿಗೆಲ್ಲ ಕಾಲುಚೀಲ ತುರುಕಬೇಕು ಅಂದರು. ಇಪ್ಪತ್ತು ವರ್ಷದ ಮೇಲೆ, ಎತ್ತಿಕೊಂಡು ಬಂದಿದ್ದ ಆ ಮಗನೇ ಸೈನ್ಯ ಸೇರಿ, ಅವನಿಗಾಗಿ ಅದೇ ಸಾಲಿನಲ್ಲಿ ನಿಂತಾಗ ನಾನೂ ಪೆಟ್ಟಿಗೆ ಅಲ್ಲಾಡಿಸಿ ನೋಡಿದೆ.

ಕೊರಿಯರ್ ಬೇಡ. ಎಪಿಒ (ಸೈನ್ಯದ ಅಂಚೆ ಕಚೇರಿ) ವಿಳಾಸಕ್ಕೆ ಇಲ್ಲಿನ ಅಂಚೆಯಲ್ಲೇ ಕಳಿಸು. ಎಪಿಒ ಅಂದರೆ ನಮ್ಮ ಕಡೆಯವರಿಗೆ ಹೊಸದಲ್ಲ, ಅಲ್ವಾ? ನಮ್ಮ ಕಾಕಾ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದಾಗ ಆಯಿ ಬಿಳಿ ಬಟ್ಟೆಯಲ್ಲಿ ಪಾರ್ಸಲ್ ಹೊಲಿದು, ಮೇಲೆ 'ಕೇರ್ ಆಫ್ 56 ಎಪಿಒ' ಅಂತ ಬರೆಸುತ್ತಿದ್ದಳು. ಇಲ್ಲೂ ಅದೇ ರೀತಿ. ಹೆಸರು, ಯೂನಿಟ್, ಬಾಕ್ಸ್ ನಂಬರ್, ಎಪಿಒ ಎಇ, ಜಿಪ್ ಕೋಡ್, ಅಷ್ಟೇ. ಕುವೈತ್ ಅಂತ ಎಲ್ಲೂ ಬರೆಯಬೇಡ, ಬರೆದರೆ ಪಾರ್ಸಲ್ ಆ ದೇಶದ ಅಂಚೆಗೆ ಸೇರಿಬಿಡಬಹುದು. ಅಂಚೆಯವರ ಹತ್ತಿರ ಎಪಿಒಗೆಂದೇ ಮಾಡಿದ ದೊಡ್ಡ ಫ್ಲಾಟ್ ರೇಟ್ ಪೆಟ್ಟಿಗೆ ಇದೆ. ಪೆಟ್ಟಿಗೆಗೆ ದುಡ್ಡಿಲ್ಲ. 70 ಪೌಂಡ್‌ವರೆಗೆ ತೂಕ ಎಷ್ಟಿದ್ದರೂ ಒಂದೇ ದರ. ಕಸ್ಟಮ್ಸ್ ಫಾರ್ಮಿನಲ್ಲಿ ಸುಮ್ನೆ 'ತಿಂಡಿ' ಅಂತ ಬರೆದರೆ ಸಾಲದು, ಒಂದೊಂದನ್ನೂ ಬಿಡಿಸಿ ಬರೆ. ಹಂದಿ ಮಾಂಸ, ಮದ್ಯ ಕುವೈತಿಗೆ ಹೋಗುವುದಿಲ್ಲ. ದೀಪಾವಳಿಯ ನೆನಪಿಗೆ ಅಂತ ಕರ್ಪೂರ, ಬೆಂಕಿಪೊಟ್ಟಣ ಹಾಕಿಬಿಡಬೇಡ.

ಇನ್ನು ಗಸಗಸೆ. ಇದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ.

2023ರ ಫೆಬ್ರವರಿಯಲ್ಲಿ ಇಲ್ಲಿನ ರಕ್ಷಣಾ ಇಲಾಖೆ ಗಸಗಸೆ ತಿನ್ನಬೇಡಿ ಅಂತ ಸೈನಿಕರಿಗೆಲ್ಲ ಎಚ್ಚರಿಕೆ ಕೊಟ್ಟಿತು. ಕೆಲವು ಗಸಗಸೆಯಲ್ಲಿ ಕೊಡೈನ್ ಅನ್ನುವ ಅಫೀಮಿನ ಜಾತಿಯ ಅಂಶ ಜಾಸ್ತಿ ಇರುತ್ತದೆ, ಮೂತ್ರ ಪರೀಕ್ಷೆಯಲ್ಲಿ ಮಾದಕ ವಸ್ತು ತೆಗೆದುಕೊಂಡ ಹಾಗೆ ಕಾಣಿಸಬಹುದು. ಮಗ ಫೋನಿನಲ್ಲಿ ಹೇಳಿದ್ದ. ನಾನು ಹ್ಞೂಂ ಅಂದಿದ್ದೆ. ಆದರೂ ಗೋಕಾಕಿನವಳು ನಾನು, ಗಸಗಸೆ ಇಲ್ಲದ ಕರದಂಟು ಮಾಡಲು ಕೈ ಬರಲಿಲ್ಲ. ಒಂದು ಹಿಡಿಯಿಂದ ಏನಾಗುತ್ತದೆ ಅಂದುಕೊಂಡೆ. ಅತ್ತೆ ಊರಿಂದ ಕಳಿಸಿದ್ದ ಅಂಟು, ಬೆಲ್ಲ ಹಾಕಿ ಎರಡು ದಿನ ಕೂತು ಮಾಡಿದೆ.

ಪಾರ್ಸಲ್ ತಲುಪಿದ ಮೇಲೆ ಮಗ ವಿಡಿಯೋ ಕರೆ ಮಾಡಿ ನನ್ನೆದುರೇ ಡಬ್ಬಿ ತೆರೆದ. ಒಂದು ತುಂಡು ಎತ್ತಿ ಮೂಸಿದ. "ಅಮ್ಮ, ಗಸಗಸೆ ಹಾಕಿದ್ದೀಯಾ?" ಅಂದ. ಹೌದು ಅಂದೆ. ತುಂಡನ್ನು ವಾಪಸ್ ಇಟ್ಟು ಮುಚ್ಚಳ ಹಾಕಿದ. ಜೊತೆಯವರಿಗೂ ಕೊಡುವಂತಿರಲಿಲ್ಲ, ಅವರಿಗೂ ಅದೇ ಪರೀಕ್ಷೆ. ಎಲ್ಲವೂ ಕಸಕ್ಕೆ ಹೋಯಿತು. ತಟ್ಟೆಯಲ್ಲಿ ಒಂದು ಅಗುಳು ಬಿಡದ ಹುಡುಗ ಅವನು. ನನ್ನನ್ನು ಬೈಯಲಿಲ್ಲ, "ಮುಂದಿನ ಸಲ ಅವಲಕ್ಕಿ ಕಳಿಸಮ್ಮ" ಅಂದ.

ಆ ಹಬ್ಬಕ್ಕೆ ಉಳಿದವರು ಮನೆಯಿಂದ ಬಂದದ್ದನ್ನು ಹಂಚಿ ತಿಂದರು, ನನ್ನ ಮಗನ ಹತ್ತಿರ ಹಂಚಲು ಏನೂ ಇರಲಿಲ್ಲ. ಸಮವಸ್ತ್ರದ ಅವನ ಫೋಟೋ ನಮ್ಮ ಮನೆಯ ಹಾಲಿನಲ್ಲಿದೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ. ಅಷ್ಟು ಹೆಮ್ಮೆ ಇದ್ದವಳು ಅವನ ಕೆಲಸದ ಒಂದು ನಿಯಮವನ್ನು ನಿಯಮ ಅಂತ ಎಣಿಸಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ನಮ್ಮ ತಿಂಡಿಗಳಲ್ಲಿ ಗಸಗಸೆ ಎಲ್ಲೆಲ್ಲಿ ಅಡಗಿದೆ ನೋಡು: ಅಂಟಿನುಂಡೆ, ಕರ್ಜಿಕಾಯಿ ಹೂರಣ, ಕೆಲವರ ಮನೆಯ ಮಸಾಲೆ ಪುಡಿ. ನೀನು ಖಡಕ್ ರೊಟ್ಟಿ ಕಳಿಸು. ಆ ಪೆಟ್ಟಿಗೆ ಒಂದಡಿ ಅಗಲ ಇದೆ, ರೊಟ್ಟಿ ಚೆನ್ನಾಗಿ ಕೂರುತ್ತದೆ, ತಿಂಗಳಾದರೂ ಕೆಡುವುದಿಲ್ಲ. ಜೊತೆಗೆ ಗುರೆಳ್ಳು ಪುಡಿ, ಹಚ್ಚಿದ ಅವಲಕ್ಕಿ. ನವೆಂಬರ್ ಮಧ್ಯದೊಳಗೆ ಅಂಚೆಗೆ ಹಾಕು.

ಶೇಂಗಾ ಚಟ್ನಿಪುಡಿ ಎಷ್ಟು ಇಡಲಿ ಅಂದಿದ್ದೀಯ. ಅವರೊಬ್ಬರಿಗೆ ಅಂತ ಅಳೆಯಬೇಡ, ಹತ್ತು ಜನಕ್ಕೆ ಆಗುವಷ್ಟು ಇಡು. ಪೆಟ್ಟಿಗೆ ಮುಚ್ಚುವ ಮೊದಲು ಏನೇನು ಹಾಕಿದ್ದೀಯ ಅಂತ ಅವರಿಗೇ ಫೋನಿನಲ್ಲಿ ಓದಿ ಹೇಳು. ಅವರು ಬೇಡ ಅಂದದ್ದನ್ನು ತೆಗೆದಿಡು. ಭಾನುವಾರ ನಾನು ಬರುತ್ತೇನೆ, ಇಬ್ಬರೂ ಕೂತು ತಿನ್ನೋಣ.