ಅಂಗಡಿ ಗಿಡಕ್ಕಿಂತ ಕೇಳಿ ತಂದ ಕಡ್ಡಿ ಮೇಲು

ಟೆಕ್ಸಾಸ್‌ನ ಆಸ್ಟಿನ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಮಗಳ ಹಠಕ್ಕೆ ಮಣಿದು ವೇಲ್ಡ್ ಕಮೀಲಿಯನ್ ಜಾತಿಯ ಗೋಸುಂಬೆ ತಂದಿದ್ದಾರಂತೆ. ಅದರ ಜಾಲರಿ ಗೂಡಿಗೆ ಒಂದು ದಾಸವಾಳ, ಒಂದು ಮನಿ ಪ್ಲಾಂಟ್ ಕೊಂಡಿದ್ದಾರೆ. "ಕುಂಡವನ್ನು ಹಾಗೇ ಒಳಗಿಡಬಹುದೇ? ಇಷ್ಟೆಲ್ಲ ಯಾಕೆ, ಪ್ಲಾಸ್ಟಿಕ್ ಬಳ್ಳಿ ಸಾಕು ಅನ್ನುತ್ತಾಳೆ ನನ್ನ ಹೆಂಡತಿ. ನೀವೇನಂತೀರಿ?"

ನಿಮ್ಮ ಮನೆಯವರ ಮಾತಲ್ಲೂ ಹುರುಳಿದೆ. ಪ್ಲಾಸ್ಟಿಕ್ ಎಲೆ ಬಾಡುವುದಿಲ್ಲ, ಒರೆಸಿದರೆ ಮುಗಿಯಿತು. ಕಾಯಿಲೆ ಬಿದ್ದ ಪ್ರಾಣಿಯನ್ನು ಸ್ವಲ್ಪ ದಿನ ಬೇರೆ ಇಡುವಾಗ ಅದೇ ಅನುಕೂಲ. ಅಷ್ಟು ಒಪ್ಪುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ.

ಈ ಗೋಸುಂಬೆಯ ತವರು ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ಬಟ್ಟಲಲ್ಲಿ ನೀರಿಟ್ಟರೆ ಸಾಮಾನ್ಯವಾಗಿ ಅದರತ್ತ ತಿರುಗಿಯೂ ನೋಡುವುದಿಲ್ಲ. ಎಲೆ ತುದಿಯಲ್ಲಿ ಹನಿ ತೂಗಬೇಕು, ಬೆಳಕಿಗೆ ಮಿನುಗಬೇಕು. ಆಗ ಒಂದು ಕಣ್ಣು ಅತ್ತ ಹೊರಳುತ್ತದೆ. ಇನ್ನೊಂದು ಕಣ್ಣು ಬೇರೆಲ್ಲೋ ನೋಡುತ್ತಲೇ ಇರುತ್ತದೆ. ತೂಗಾಡುತ್ತಾ ಬಂದು, ಮೂತಿಯನ್ನು ಎಲೆಗೆ ಒತ್ತಿ, ಹನಿ ನೆಕ್ಕುತ್ತದೆ. ಬರೀ ಹುಳ ತಿನ್ನುವ ಪ್ರಾಣಿಯೂ ಅಲ್ಲ ಇದು. ದಾಸವಾಳದ ಎಲೆ, ಹೂ ಎರಡನ್ನೂ ಕಿತ್ತು ತಿನ್ನುತ್ತದೆ. ಪ್ಲಾಸ್ಟಿಕ್ ಎಲೆಯನ್ನೂ ಹಾಗೇ ಕಚ್ಚುತ್ತದೆ. ಆ ಚೂರು ಕರುಳಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು.

ಅಂದಮೇಲೆ ಆ ಗಿಡ ಅದಕ್ಕೆ ಅಲಂಕಾರವಲ್ಲ, ಊಟ. ನಿಮ್ಮ ಮನೆಗೆ ಕರಿಬೇವಿನ ಗಿಡ ತಂದಿದ್ದರೆ ಏನು ಕೇಳುತ್ತಿದ್ದಿರಿ? ಇದಕ್ಕೆ ಏನು ಹೊಡೆದಿದ್ದಾರೆ ಅಂತ ತಾನೇ? ಅದರಲ್ಲೂ ನಿಮ್ಮ ಟೆಕ್ಸಾಸ್‌ನಲ್ಲಿ! ನಿಂಬೆ, ಕಿತ್ತಳೆ ತೋಟಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬೆಳೆಯುತ್ತದೆ ಅಂತ ಅದರ ಸಾಗಾಟಕ್ಕೇ ಅಲ್ಲಿ ಕಟ್ಟುನಿಟ್ಟಿದೆ. ಒಗ್ಗರಣೆಗೆ ಕೇಳುವ ಪ್ರಶ್ನೆಯನ್ನು ದಾಸವಾಳಕ್ಕೆ ಯಾಕೆ ಕೇಳಲಿಲ್ಲ ಸ್ವಾಮಿ?

ಮೊದಲು ಎಲೆಗಳನ್ನು ಮೇಲೂ ಕೆಳಗೂ ಬೆರಳಲ್ಲಿ ಉಜ್ಜಿ ತೊಳೆಯಿರಿ. ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಸಾಕು, ಆಮೇಲೆ ಚೆನ್ನಾಗಿ ಜಾಲಿಸಿ. ನಂತರ ಗಿಡವನ್ನು ಕುಂಡದಿಂದ ಹೊರಗೆಳೆದು ಬೇರು ಬಿಡಿಸಿ ನೋಡಿ. ಮಣ್ಣು ಹಗುರಾಗಲೆಂದು ಬೆರೆಸುವ ಬಿಳಿ ಪರ್ಲೈಟ್ ಹರಳು, ಸಾಸಿವೆಗಿಂತ ಸ್ವಲ್ಪ ದಪ್ಪಗಿರುವ ಹಳದಿ ಗೊಬ್ಬರದ ಗುಳಿಗೆ ಕಾಣಬಹುದು. ಗುಳಿಗೆ ಹಿಚುಕಿದರೆ ಒಳಗಿನ ಗೊಬ್ಬರ ಬೆರಳಿಗೆ ಅಂಟುತ್ತದೆ. ಆ ಮಣ್ಣೆಲ್ಲ ಬೇಡ. ಅಕ್ಕಿ ತೊಳೆದ ಹಾಗೆ ನೀರು ತಿಳಿಯಾಗುವವರೆಗೆ ಬೇರು ತೊಳೆದು, ಗೊಬ್ಬರದ ಗುಳಿಗೆಯಿಲ್ಲದ ಮಣ್ಣಿನಲ್ಲಿ ನೆಡಿ. ಮಣ್ಣಿನ ಮೇಲೆ ದುಂಡು ಕಲ್ಲು ಹರಡಿ, ಒಂದೊಂದೂ ಗೋಸುಂಬೆಯ ತಲೆಗಿಂತ ದೊಡ್ಡದಿರಲಿ. ಹುಳಕ್ಕೆ ನಾಲಿಗೆ ಬೀಸಿದಾಗ ಮಣ್ಣು ಅಂಟಿಕೊಂಡು ಹೊಟ್ಟೆ ಸೇರಬಾರದು.

ತೊಳೆದರೆ ಹೋಗದ ವಿಷವೂ ಇದೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕವನ್ನು ಮಣ್ಣಿಗೆ ಹಾಕಿದರೆ ಬೇರು ಹೀರಿಕೊಂಡು ಎಲೆ, ಹೂವಿಗೆಲ್ಲ ಕಳಿಸುತ್ತದೆ. ಜೇನುನೊಣಗಳ ಸಲುವಾಗಿ ಯುರೋಪಿಯನ್ ಒಕ್ಕೂಟ 2018ರಲ್ಲಿ ಬಯಲಿನ ಬೆಳೆಗಳಿಗೆ ಇದನ್ನು ನಿಷೇಧಿಸಿತು. ಹಾಗಾಗಿ ಗಿಡವನ್ನು ಕೆಲವು ತಿಂಗಳು ಗೂಡಿನಿಂದ ಹೊರಗೇ ಬೆಳೆಸಿ. ಹಳೆ ಎಲೆ ಉದುರಿ ಹೊಸ ಚಿಗುರು ತುಂಬಿಕೊಳ್ಳಲಿ.

ಇಲ್ಲೂ ಪರಿಸ್ಥಿತಿ ಬೇರೆಯಿಲ್ಲ. ಬೆಂಗಳೂರಿನ ಹೊರವಲಯದ ಒಂದು ನರ್ಸರಿಯಲ್ಲಿ ಹುಡುಗನೊಬ್ಬ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಲಾಬಿಗೆ ಔಷಧಿ ಹೊಡೆಯುತ್ತಿದ್ದ. ಪಕ್ಕದ ಸಾಲಲ್ಲೇ ತುಳಸಿ, ದೊಡ್ಡಪತ್ರೆ. "ಅದಕ್ಕೂ ಹೊಡೀತೀರಾ?" ಅಂದೆ. "ಎಲ್ಲಾದಕ್ಕೂ ಇದೇ ಸಾರ್" ಅಂದ. ದೊಡ್ಡಪತ್ರೆ ರಸವನ್ನು ನಾವು ಕೂಸುಗಳಿಗೆ ಕುಡಿಸುತ್ತೇವೆ! ಕುಂಡದ ಮೇಲೆ ಬೆಲೆ ಬರೆದಿತ್ತು. ಹೊಡೆದ ಔಷಧಿ, ಹೊಡೆದ ದಿನ ಬರೆದಿರಲಿಲ್ಲ. ಕೊಳ್ಳುವವರೂ ಕೇಳುತ್ತಿರಲಿಲ್ಲ. ಮದುವೆ ಛತ್ರದ ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆ ಕಟ್ಟಿ ಒಳಗೆ ಮಂತ್ರ ಹೇಳಿಸುವ ಜನ ನಾವಾಗಿಬಿಟ್ಟಿದ್ದೇವೆ. ಎಲೆ ಹಸಿರಾಗಿ ಕಂಡರೆ ಸಾಕು ಅನ್ನುವ ಈ ಬುದ್ಧಿ ನನಗೆ ಸಂಕಟ ತರಿಸುತ್ತದೆ.

ಅಂದಹಾಗೆ, ಇದನ್ನು ಓದಿ ಊರಲ್ಲಿ ಯಾರೂ ಬೇಲಿಯಿಂದ ಗೋಸುಂಬೆ ಹಿಡಿದು ತರಬೇಡಿ. ನಮ್ಮ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೆಯಲ್ಲಿ ಸಾಕುವುದು ಅಪರಾಧ.

ತಿಂಗಳುಗಟ್ಟಲೆ ಕಾಯಬೇಕಾ ಅಂತ ಮಗಳು ಮುಖ ಸಪ್ಪೆ ಮಾಡಿದರೆ ದಾರಿ ಇದೆ. ನಮ್ಮ ಅಮ್ಮಂದಿರು ಗಿಡವನ್ನು ದುಡ್ಡು ಕೊಟ್ಟು ತಂದದ್ದು ಕಮ್ಮಿ. "ಒಂದು ಕಡ್ಡಿ ಕೊಡ್ರೀ" ಅಂತ ಪಕ್ಕದ ಮನೆಯಲ್ಲಿ ಕೇಳುತ್ತಿದ್ದರು. ಮನಿ ಪ್ಲಾಂಟ್ ಕಡ್ಡಿಯನ್ನು ಗಿಣ್ಣು ಮುಳುಗುವ ಹಾಗೆ ನೀರಲ್ಲಿಟ್ಟರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಅದರ ಎಲೆಯಲ್ಲಿ ಕೆಸುವಿನಲ್ಲಿರುವಂಥದ್ದೇ ಬಾಯಿ ಕೆರೆಯುವ ಹರಳುಗಳಿವೆ ನಿಜ. ಆದರೂ ಗೋಸುಂಬೆ ಸಾಕುವವರು ಬಹಳ ಕಾಲದಿಂದ ಅದನ್ನೇ ಬೆಳೆಸುತ್ತಾ ಬಂದಿದ್ದಾರೆ. ನಿಮ್ಮದು ಎಲೆ ಜಾಸ್ತಿ ತಿನ್ನುವುದಾದರೆ ದಾಸವಾಳವೇ ಮುಖ್ಯವಾಗಿರಲಿ, ಅದಕ್ಕೆ ಬೆಳಕು ಚೆನ್ನಾಗಿ ಬೇಕು. ಕಣಗಿಲೆ ಮಾತ್ರ ಹತ್ತಿರಕ್ಕೂ ತರಬೇಡಿ, ವಿಷ.

ಮುಂದಿನ ಸಲ ನಿಮ್ಮೂರಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಊಟದ ಸಾಲಿನಲ್ಲಿ ಕೇಳಿ ನೋಡಿ, ಯಾರ ಮನೆಯಲ್ಲಿ ಯಾವ ಗಿಡ ಇದೆ ಅಂತ. ಔಷಧಿ ಹೊಡೆದಿದ್ದೀರಾ ಅಂತಲೂ ಸಂಕೋಚವಿಲ್ಲದೆ ಕೇಳಿ.

– ಸಂಪಾದಕ