ಉಚಿತ ವೆಬ್ ಆ್ಯಪ್ ಸಾಕಾ, ಇಲ್ಲಾ ದುಡ್ಡು ಕೊಟ್ಟು ಸಾಫ್ಟ್‌ವೇರ್ ಹಾಕಿಸಿಕೊಳ್ಳಬೇಕಾ?

ಸಂಶೋಧನೆಯ ಟಿಪ್ಪಣಿಗಳನ್ನೆಲ್ಲ ವಿಶ್ವವಿದ್ಯಾಲಯ ಕೊಟ್ಟ ಖಾತೆಯಲ್ಲಿ, ಬ್ರೌಸರಿನಲ್ಲೇ ಬರೆಯುತ್ತಿದ್ದೀರಿ. ಇಷ್ಟು ಸಾಕಾ, ಅಥವಾ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಜೊತೆಗೆ "ಫೋಲ್ಡರ್ ನನ್ನ ಲ್ಯಾಪ್‌ಟಾಪಿನಲ್ಲೂ ಇದೆ, ಬ್ಯಾಕಪ್ ಚಿಂತೆ ಇಲ್ಲ" ಅಂದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ನಾನೂ ಇದೇ ಮಾತು ಹೇಳುತ್ತಿದ್ದೆ.

ನಾನು ಅನುವಾದಕ. ಆಗ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಯಾವ ಪಾರಿಭಾಷಿಕ ಪದಕ್ಕೆ ಯಾವ ಕನ್ನಡ ಪದ ಎಲ್ಲಿ ಒಗ್ಗಿತು, ಎಲ್ಲಿ ಒಗ್ಗಲಿಲ್ಲ, ಯಾಕೆ ಒಗ್ಗಲಿಲ್ಲ ಅಂತ ನಾಲ್ಕು ವರ್ಷ ಕೂತು ಒಂದು ಪದಕೋಶ ಕಟ್ಟಿದ್ದೆ. ಅದು ನನ್ನ ಸ್ವಂತದ್ದು, ಆದರೆ ಇಟ್ಟಿದ್ದು ಆಫೀಸಿನ ಖಾತೆಯಲ್ಲಿ. ಕೆಲಸ ಬಿಡುವ ದಿನ ಲ್ಯಾಪ್‌ಟಾಪಿನಲ್ಲಿದ್ದ ಆ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡೆ. ಒಟ್ಟು 212 ಫೈಲು. ಹೆಸರು ಸರಿಯಾಗಿತ್ತು, ಐಕಾನ್ ಸರಿಯಾಗಿತ್ತು, ತಾರೀಖೂ ಸರಿಯಾಗಿತ್ತು. ಒಂದೇ ಒಂದು ಫೈಲನ್ನೂ ತೆರೆದು ನೋಡಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಪದ ಬೇಕಾಗಿ ತೆರೆಯಲು ಹೋದರೆ ಬ್ರೌಸರ್ ತೆರೆದುಕೊಂಡು ಲಾಗಿನ್ ಕೇಳಿತು. ಆ ಖಾತೆ ಆಗಲೇ ಮುಚ್ಚಿಹೋಗಿತ್ತು. ಫೈಲನ್ನೇ ನೋಟ್‌ಪ್ಯಾಡಿನಲ್ಲಿ ತೆರೆದೆ. ಒಂದು ಆವರಣ ಚಿಹ್ನೆ, ಇಷ್ಟುದ್ದದ ಅಕ್ಷರ-ಅಂಕಿಗಳ ಸಾಲು, ನನ್ನ ಹಳೇ ಇಮೇಲ್ ವಿಳಾಸ, ಮತ್ತೆ ಆವರಣ ಚಿಹ್ನೆ. ಅಷ್ಟೇ. ನಾಲ್ಕು ವರ್ಷ ಬರೆದದ್ದರಲ್ಲಿ ಒಂದಕ್ಷರವೂ ಅದರಲ್ಲಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ಬ್ರೌಸರಿನಲ್ಲೇ ಸೃಷ್ಟಿಸಿದ ದಾಖಲೆ ಇರುವುದು ಆ ವೆಬ್ ಆ್ಯಪ್ ನಡೆಸುವ ಕಂಪನಿಯ ಸರ್ವರಿನಲ್ಲಿ, ಅಂದರೆ ಅವರ ಕಂಪ್ಯೂಟರಿನಲ್ಲಿ. ನಿಮ್ಮ ಫೋಲ್ಡರಿನಲ್ಲಿ ಕಾಣುವುದು ಬಹಳ ಸಲ ಅದರ ವಿಳಾಸ ಬರೆದ ಚೀಟಿ ಮಾತ್ರ. ನೀವು ಅಪ್‌ಲೋಡ್ ಮಾಡಿದ ಪಿಡಿಎಫ್, ಫೋಟೋಗಳು ಅದೇ ಫೋಲ್ಡರಿನಲ್ಲಿ ನಿಜವಾದ ಫೈಲಾಗಿರಬಹುದು. ಎರಡೂ ಒಟ್ಟಿಗೇ ಇರುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಗಾತ್ರ ನೋಡಿದಾಗ: ನನ್ನ ಒಂದೊಂದು ಫೈಲೂ 1 ಕೆಬಿ. 212 ಫೈಲು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾಪಿ ಆಗಿದ್ದವು, ಆಗಲೇ ನನಗೆ ಅನುಮಾನ ಬರಬೇಕಿತ್ತು. ಇನ್ನೊಂದು ಮಾತು: ಚೀಟಿಯಲ್ಲದೆ ನಿಜವಾದ ಫೈಲೇ ಇದ್ದರೂ ಸಿಂಕ್, ಅಂದರೆ ಖಾತೆಯಲ್ಲಿರುವುದೂ ಲ್ಯಾಪ್‌ಟಾಪಿನಲ್ಲಿರುವುದೂ ತಾನಾಗಿಯೇ ಒಂದೇ ಥರ ಆಗುತ್ತಿರುವುದು, ಬ್ಯಾಕಪ್ ಅಲ್ಲ. ಅಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ.

ಸಂಸ್ಥೆಯವರನ್ನು ಕೇಳಿದೆ. ಖಾತೆ ಮುಚ್ಚಿ ತಿಂಗಳಾದ ಮೇಲೆ ಏನೂ ಉಳಿಯುವುದಿಲ್ಲ ಅಂದರು. ಹಿಂದೆ ಯಾರಿಗೋ ಇಮೇಲಿನಲ್ಲಿ ಕಳಿಸಿದ್ದ ಎರಡು ಹಳೇ ಪ್ರತಿ ಸಿಕ್ಕವು. ಮಿಕ್ಕದ್ದನ್ನು ನೆನಪಿನಿಂದ ಮತ್ತೆ ಕಟ್ಟಲು ಐದು ತಿಂಗಳು ಹಿಡಿಯಿತು. ಪದ ನೆನಪಾದರೂ, ಆ ಪದವನ್ನೇ ಯಾಕೆ ಆರಿಸಿಕೊಂಡೆ ಅನ್ನುವ ಟಿಪ್ಪಣಿ ನೆನಪಾಗಲಿಲ್ಲ. ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉಚಿತ ಅಂದರೆ ವೆಬ್, ಕಂಪ್ಯೂಟರಿಗೆ ಹಾಕಿಕೊಳ್ಳುವುದಕ್ಕೆ ದುಡ್ಡು ಅಂತ ನೀವು ಅಂದುಕೊಂಡಿದ್ದೀರಿ. ಬರೆಯಲು, ಲೆಕ್ಕ ಹಾಕಲು ಬಳಸುವ ಲಿಬ್ರೆಆಫೀಸ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ, ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, 2010ರಿಂದ ಇದೆ. ಇತ್ತ ಅಡೋಬಿ ಕಂಪನಿ 2013ರಲ್ಲೇ ಫೋಟೋಶಾಪ್‌ನಂಥ ತನ್ನ ಮುಖ್ಯ ಸಾಫ್ಟ್‌ವೇರ್‌ಗಳಿಗೆ ಒಮ್ಮೆ ಕೊಂಡು ಇಟ್ಟುಕೊಳ್ಳುವ ಹೊಸ ಆವೃತ್ತಿಗಳನ್ನು ನಿಲ್ಲಿಸಿ ಚಂದಾ ಪದ್ಧತಿಗೆ ಹೋಯಿತು. ದುಡ್ಡು ಕೊಟ್ಟ ಮಾತ್ರಕ್ಕೆ ಯಾವುದೂ ನಿಮ್ಮದಾಗಿಬಿಡುವುದಿಲ್ಲ. ನೀವು ಕೇಳಬೇಕಾದದ್ದು ಫೈಲು ಎಲ್ಲಿದೆ, ಯಾವ ಫಾರ್ಮ್ಯಾಟಿನಲ್ಲಿದೆ, ಅಂದರೆ ಯಾವ ಬಗೆಯ ಫೈಲಾಗಿ ಉಳಿದಿದೆ ಅಂತ.

ಫಾರ್ಮ್ಯಾಟ್ ಎಷ್ಟು ಮುಖ್ಯ ಅಂತ ಕಣ್ಣಾರೆ ನೋಡಬೇಕಾ? ಒಂದು ಡಿಒಸಿಎಕ್ಸ್ (ಮೈಕ್ರೋಸಾಫ್ಟ್ ವರ್ಡ್‌ನ .docx) ಫೈಲಿನ ಪ್ರತಿ ಮಾಡಿ, ಹೆಸರಿನ ಕೊನೆಯ .docx ಅನ್ನು .zip ಅಂತ ಬದಲಾಯಿಸಿ ಬಿಚ್ಚಿ. ಒಳಗೆ ವರ್ಡ್ ಅನ್ನುವ ಫೋಲ್ಡರಿನಲ್ಲಿ ಡಾಕ್ಯುಮೆಂಟ್ ಹೆಸರಿನ ಎಕ್ಸ್‌ಎಂಎಲ್ ಫೈಲು (document.xml) ಸಿಗುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ನೀವು ಬರೆದ ವಾಕ್ಯಗಳು ಅಲ್ಲೇ ಕಾಣುತ್ತವೆ. ನಾಳೆ ಆ ಸಾಫ್ಟ್‌ವೇರೇ ಇಲ್ಲದಿದ್ದರೂ ಬರಹ ಕೈಗೆ ಸಿಗುತ್ತದೆ. ಲಿಬ್ರೆಆಫೀಸಿನ ಒಡಿಟಿ (.odt) ಫೈಲೂ ಹೀಗೇ, ಅದರ ಮಾನದಂಡಕ್ಕೆ 2006ರಲ್ಲೇ ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದ ಮಾನ್ಯತೆ ಸಿಕ್ಕಿದೆ. ಹಲವು ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗಲೂ, ತಾವು ಓದುತ್ತಿದ್ದ ತಾಣಗಳ ಪಟ್ಟಿಯನ್ನು ಡೌನ್‌ಲೋಡ್ ಮಾಡಿಕೊಂಡವರು ಬೇರೆ ರೀಡರಿಗೆ ಸಲೀಸಾಗಿ ಹೋದರು.

ವೆಬ್ ಬಿಡಿ ಅಂತ ನಾನು ಹೇಳುವುದಿಲ್ಲ. ಇಬ್ಬರು ಒಂದೇ ಪುಟವನ್ನು ಒಟ್ಟಿಗೆ ತಿದ್ದಲು ಅದಕ್ಕಿಂತ ಸಲೀಸಾದದ್ದು ನನಗೆ ಸಿಕ್ಕಿಲ್ಲ, ಈಗಲೂ ಬಳಸುತ್ತೇನೆ. ಆದರೆ ಪ್ರಬಂಧದ ಮೂಲ ಪ್ರತಿ ಮಾತ್ರ ನಿಮ್ಮ ಕಂಪ್ಯೂಟರಿನಲ್ಲೇ ಇರಲಿ, ಅದರ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲೂ ಇರಲಿ. ಪದವಿ ಮುಗಿದ ದಿನ ಆ ಖಾತೆ ನಿಮ್ಮದಾಗಿ ಉಳಿಯುತ್ತದೆ ಅಂತ ನಂಬಬೇಡಿ.

ಇವತ್ತೇ ಒಂದು ಕೆಲಸ ಮಾಡಿ. ವೈಫೈ ಆಫ್ ಮಾಡಿ, ಆ ಫೋಲ್ಡರಿನ ಒಂದು ಅಧ್ಯಾಯವನ್ನು ಪೆನ್‌ಡ್ರೈವಿಗೆ ಹಾಕಿ, ಬೇರೆಯವರ ಕಂಪ್ಯೂಟರಿನಲ್ಲಿ ನೆಟ್ ಇಲ್ಲದೆ ತೆರೆದು ನೋಡಿ. ತೆರೆಯದಿದ್ದರೆ ಮಲಗುವ ಮುಂಚೆ ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಳ್ಳಿ.