ಟ್ರೇಲರ್ ಕಟ್ಟಿದರೆ ಗಾಡಿಯ ಹಿಂಭಾಗ ಕೂರುತ್ತದೆ, ಪ್ಲೇಟ್ ಜಾಸ್ತಿ ಹಾಕಿಸಬಹುದಾ?

ಪೆರ್ಲದ ಹತ್ತಿರ ಅಡಿಕೆ ತೋಟ, ಕೆಎಲ್ 14 ನಂಬರಿನ ಫೋರ್ ವೀಲ್ ಡ್ರೈವ್ ಬೊಲೆರೊ ಕ್ಯಾಂಪರ್, ಗೊಬ್ಬರ, ಸ್ಪ್ರೇಯರ್ ಸಾಗಿಸೋಕೆ ಒಂದು ಟ್ರೇಲರ್. ಅದನ್ನು ಕಟ್ಟಿದ ಕೂಡಲೇ ಹಿಂಭಾಗ ಕೂತುಬಿಡುತ್ತದೆ. ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ (ಒಂದರ ಮೇಲೊಂದು ಜೋಡಿಸುವ ಉಕ್ಕಿನ ಪಟ್ಟಿ) ಜಾಸ್ತಿ ಹಾಕಿಸಿ ಆರ್‌ಸಿಯಲ್ಲೂ ತೂಕದ ಮಿತಿ ಏರಿಸಿಕೊಳ್ಳಬಹುದಾ ಅಂತ ನೀವು ಕೇಳಿದ್ದೀರಿ. ನಾನು ಬದಿಯಡ್ಕದಲ್ಲಿ ವರ್ಕ್‌ಶಾಪ್ ನಡೆಸುವವನು. ಜೀಪು, ಪಿಕಪ್‌ಗಳದ್ದೇ ಕೆಲಸ ಜಾಸ್ತಿ. ಈ ಪ್ರಶ್ನೆ ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಬರುತ್ತದೆ.

ಸ್ಪ್ರಿಂಗ್ ಹಳತಾಗಿ ಕೂತಿದ್ದರೆ ಕಂಪನಿ ನಿಮ್ಮ ಮಾಡೆಲ್‌ಗೇ ಕೊಡುವ ಹೊಸ ಸೆಟ್ ಹಾಕಿಸಿ. ಅದು ರಿಪೇರಿ, ಯಾರ ಅನುಮತಿಯೂ ಬೇಡ. ಆದರೆ ಎಷ್ಟು ಪ್ಲೇಟ್ ಸೇರಿಸಿದರೂ ಆರ್‌ಸಿಯಲ್ಲಿರುವ ತೂಕ ಒಂದು ಕಿಲೋ ಕೂಡ ಏರುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಕಾರಣ. ಕಂಪನಿ ಮೊದಲು ಕೊಟ್ಟ ವಿವರ ಏನಿದೆಯೋ, ಆರ್‌ಸಿಯಲ್ಲಿರುವುದು ಅದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದು ನಮ್ಮ ಕೇರಳದಿಂದಲೇ ಹೋದ ಕೇಸು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು ಕೇಂದ್ರದ ಕಾಯ್ದೆ. ಸಾರಡ್ಕ ದಾಟಿ ವಿಟ್ಲಕ್ಕೆ ಹೋದರೂ ಇದೇ, ತಲಪಾಡಿ ದಾಟಿದರೂ ಇದೇ.

ಗಾಡಿಯ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬದಲಾದರೆ ಮಾತ್ರ ಅದು ಬದಲಾವಣೆ ಅಂತ 52ನೇ ಸೆಕ್ಷನ್‌ನ ವಿವರಣೆಯಲ್ಲಿ ಇದೆ. ಹಾಗಾಗಿ ಒಂದು ಪ್ಲೇಟ್ ಸೇರಿಸಿದ್ದು ತಪ್ಪಲ್ಲ ಅಂತ ವಾದಿಸುವವರಿದ್ದಾರೆ. ಇರಬಹುದು. ಆದರೆ ಅಪಘಾತ ಆದಮೇಲೆ ಇನ್ಶೂರೆನ್ಸ್ ಸರ್ವೇಯರ್ ಎದುರು ನಿಂತು ಆ ವಾದ ಮಾಡುವ ಗತಿ ನಿಮಗೆ ಬರಬಾರದು ಮಾರಾಯ್ರೆ.

ಯೂಟ್ಯೂಬಿನಲ್ಲಿ ನೋಡುವ ಆಸ್ಟ್ರೇಲಿಯಾದ ವಿಡಿಯೋಗಳು ಜನರ ದಾರಿ ತಪ್ಪಿಸುತ್ತವೆ. ಅಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬದಲಾಯಿಸಿ, ಪರೀಕ್ಷೆ ಆಗಿ, ಸರ್ಟಿಫಿಕೇಟ್ ಸಿಕ್ಕಿದರೆ ಗಾಡಿಯ ಒಟ್ಟು ತೂಕದ ಮಿತಿಯನ್ನೇ ಕಾನೂನು ಪ್ರಕಾರ ಏರಿಸಬಹುದು. ಅಲ್ಲಿಂದ ತರಿಸಿದ ಕಿಟ್ ಇಲ್ಲಿ ಹಾಕಿದರೆ ಸ್ಪ್ರಿಂಗ್ ಮಾತ್ರ ಬರುತ್ತದೆ, ಆ ಸರ್ಟಿಫಿಕೇಟಿನ ಬೆಲೆ ಬರುವುದಿಲ್ಲ.

ಇನ್ನು ಅಸಲು ವಿಷಯಕ್ಕೆ ಬರೋಣ. ನಿಮ್ಮ ಗಾಡಿ ಕೂರುವುದು ಸ್ಪ್ರಿಂಗ್ ಮೆತ್ತಗಿರುವುದರಿಂದಲೇ ಅಂತ ಹೇಗೆ ಗೊತ್ತು? ಹಿಂದೆ ಎತ್ತಿನ ಗಾಡಿಗೆ ಹೇರುವವರು ಮುಂಭಾರ, ಹಿಂಭಾರ ನೋಡಿಯೇ ಹೇರುತ್ತಿದ್ದರು. ಟ್ರೇಲರಿಗೂ ಅದೇ ಲೆಕ್ಕ. ಟ್ರೇಲರಿನ ಮೂತಿ ಕೊಕ್ಕೆಯ ಮೇಲೆ 100 ಕಿಲೋ ಒತ್ತುತ್ತಿದೆ ಅಂತ ಇಟ್ಟುಕೊಳ್ಳಿ. ನಿಮ್ಮ ಗಾಡಿಯ ಮುಂದಿನ, ಹಿಂದಿನ ಚಕ್ರಗಳ ನಡುವೆ ಸುಮಾರು 3 ಮೀಟರ್. ಕೊಕ್ಕೆ ಹಿಂದಿನ ಆಕ್ಸಲ್‌ನಿಂದ (ಚಕ್ರಗಳ ಅಚ್ಚಿನಿಂದ) 1.2 ಮೀಟರ್ ಹಿಂದೆ ಇದ್ದರೆ, ಆ 100 ಕಿಲೋ ಹಿಂದಿನ ಆಕ್ಸಲ್ ಮೇಲೆ 140 ಕಿಲೋ ಆಗಿ ಬೀಳುತ್ತದೆ. ಆ ಹೆಚ್ಚಿನ 40 ಕಿಲೋ ಬರುವುದು ಮುಂದಿನ ಚಕ್ರಗಳಿಂದ. ಅವು ಅಷ್ಟು ಹಗುರ ಆಗುತ್ತವೆ. ತಿರುವಿನಲ್ಲಿ ಸ್ಟೀರಿಂಗ್ ತೇಲಿದ ಹಾಗೆ ಅನ್ನಿಸುವುದು ಇದರಿಂದಲೇ. ಪ್ಲೇಟ್ ಸೇರಿಸಿದರೆ ಹಿಂಭಾಗ ಮೇಲೆ ಬರುತ್ತದೆ ನಿಜ. ಆದರೆ ಮುಂದಿನ ಚಕ್ರಕ್ಕೆ ಆ 40 ಕಿಲೋ ವಾಪಸ್ ಬರುವುದಿಲ್ಲ.

ಹಾಗಾದರೆ ಏನು ಮಾಡುವುದು? ಟ್ರೇಲರಿನೊಳಗೆ ಹೇರಿದ್ದನ್ನು ಸರಿಸಿ ನೋಡಿ. ಕೊಕ್ಕೆಯಿಂದ ಟ್ರೇಲರಿನ ಆಕ್ಸಲ್‌ಗೆ 2.5 ಮೀಟರ್ ಇದ್ದು, 200 ಕಿಲೋ ಗೊಬ್ಬರದ ಮೂಟೆಗಳನ್ನು ಅರ್ಧ ಮೀಟರ್ ಹಿಂದಕ್ಕೆ ಇಟ್ಟರೆ ಮೂತಿಯ ಭಾರ 40 ಕಿಲೋ ಇಳಿಯುತ್ತದೆ. ದುಡ್ಡಿಲ್ಲ, ಕಾಗದ ಪತ್ರ ಇಲ್ಲ. ಹಾಗಂತ ಪೂರ್ತಿ ಹಿಂಭಾರ ಮಾಡಬೇಡಿ. ಮೂತಿ ಹಗುರಾದರೆ ಇಳಿಜಾರಿನಲ್ಲಿ ಟ್ರೇಲರ್ ಅತ್ತಿತ್ತ ಬಾಲ ಆಡಿಸಲು ಶುರುಮಾಡುತ್ತದೆ. ಅದು ಹಿಂಭಾಗ ಕೂರುವುದಕ್ಕಿಂತ ದೊಡ್ಡ ಅಪಾಯ. ಟ್ರೇಲರಿನ ಒಟ್ಟು ತೂಕದ ಹತ್ತನೇ ಒಂದು ಪಾಲಿನ ಆಸುಪಾಸು ಮೂತಿಯ ಮೇಲೆ ಇರಲಿ. ಕೊಕ್ಕೆಗೆ ಕಂಪನಿ ಇಟ್ಟ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಹೇರುವುದನ್ನೇ ಕಡಿಮೆ ಮಾಡಿ. ಅಳೆಯುವುದು ಸುಲಭ. ಸಮತಟ್ಟಾದ ಜಾಗದಲ್ಲಿ, ಮನೆಯಲ್ಲಿ ಮೈತೂಕ ನೋಡುವ ಮಿಷನ್ ಮೇಲೆ ಮರದ ತುಂಡು ಇಟ್ಟು, ಕೊಕ್ಕೆಯಷ್ಟೇ ಎತ್ತರದಲ್ಲಿ ಮೂತಿ ಕೂರಿಸಿ.

ಪ್ಲೇಟ್ ಸೇರಿಸುವುದು ಬೇಡ ಅಂತ ನಾನು ಗಿರಾಕಿಗಳಿಗೆ ಹೇಳುವುದಕ್ಕೆ ಕಾನೂನಿಗಿಂತ ದೊಡ್ಡ ಕಾರಣ ಬ್ರೇಕು. ಗಾಡಿಯ ಅಡಿಗೆ ಬಗ್ಗಿ ನೋಡಿ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಒಂದು ತೆಳ್ಳಗಿನ ಕಡ್ಡಿ ಮೇಲೆ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಹೋಗಿರುತ್ತದೆ. ಅದರ ತುದಿಯಲ್ಲಿ ಒಂದು ಸಣ್ಣ ವಾಲ್ವ್, ಅದಕ್ಕೆ ಬ್ರೇಕ್ ಪೈಪು. ಲೋಡ್ ಹಾಕಿದಾಗ ಚಾಸಿ ಕೆಳಗೆ ಬರುತ್ತದೆ, ಕಡ್ಡಿ ವಾಲ್ವನ್ನು ತಳ್ಳುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಹೋಗುತ್ತದೆ. ಗಾಡಿ ಖಾಲಿ ಇದ್ದಾಗ ಒತ್ತಡ ಕಡಿಮೆ. ಈಗ ಗಟ್ಟಿ ಪ್ಲೇಟ್ ಹಾಕಿ ಚಾಸಿ ಕೆಳಗೆ ಬರದ ಹಾಗೆ ಮಾಡಿದಿರಿ ಅನ್ನಿ. ತುಂಬಿದ ಗಾಡಿಯನ್ನು ವಾಲ್ವ್ ಖಾಲಿ ಅಂತಲೇ ತಿಳಿಯುತ್ತದೆ. ಹಿಂದಿನ ಬ್ರೇಕ್ ಹೆಚ್ಚು ಬೇಕಾದ ಹೊತ್ತಿಗೇ ಅದು ಕಡಿಮೆ ಹಿಡಿಯುತ್ತದೆ. ಮಳೆಯಲ್ಲಿ, ಇಳಿಜಾರಿನಲ್ಲಿ, ಹಿಂದಿನಿಂದ ಟ್ರೇಲರ್ ತಳ್ಳುತ್ತಿರುವಾಗ ಇದು ಸಣ್ಣ ಸಂಗತಿ ಅಲ್ಲ. ಪ್ಲೇಟ್ ಸೇರಿಸಿದ ಎಷ್ಟೋ ಕಡೆ ಈ ಕಡ್ಡಿಯ ಹತ್ತಿರ ಯಾರೂ ಕೈ ಹಾಕಿರುವುದೇ ಇಲ್ಲ.

ಸ್ಪ್ರಿಂಗಿಗೆ ನೆರವಾಗಲು ಗಾಳಿ ತುಂಬುವ ಬ್ಯಾಗ್ ಹಾಕಿಸಿ ಅಂತಲೂ ಯಾರಾದರೂ ಹೇಳಬಹುದು. ಕ್ಯಾಂಪರಿನಂಥ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಗಾಡಿಗೆ ನಾನು ಅದನ್ನು ಒಪ್ಪುವುದಿಲ್ಲ. ಪ್ಲೇಟ್ ಸೆಟ್ ಅದರ ಎರಡು ತುದಿಗಳಲ್ಲಿ ಚಾಸಿಗೆ ಭಾರ ಹಂಚುತ್ತದೆ. ಬ್ಯಾಗ್ ಆದರೆ ಆಕ್ಸಲ್‌ನ ನೇರ ಮೇಲೆ ಒಂದೇ ಕಡೆ ಒತ್ತುತ್ತದೆ. ಹಿಂದೆ ಕೊಕ್ಕೆ ಕೆಳಗೆ ಎಳೆಯುತ್ತಿರುತ್ತದೆ. ಚಾಸಿ ಅಲ್ಲೇ ಬಗ್ಗುತ್ತದೆ.

ಟ್ರೇಲರಿನ ಕಾಗದ ಪತ್ರ ಮರೆಯಬೇಡಿ. ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ವಾಹನವೇ, ಅದಕ್ಕೂ ನೋಂದಣಿ ಬೇಕು. ಎಳೆಯುವ ಗಾಡಿಯ ನಂಬರು ಟ್ರೇಲರಿನ ಮೇಲೂ ಕಾಣಬೇಕು. ಕಬ್ಬಿಣದಂಗಡಿಯಲ್ಲಿ ವೆಲ್ಡ್ ಮಾಡಿಸಿದ ಟ್ರೇಲರ್ ತೋಟದೊಳಗೆ ಓಡಾಡಲಿ, ಚೆರ್ಕಳ–ಕಲ್ಲಡ್ಕ ರಸ್ತೆಗೆ ತರಬೇಡಿ.

ಈಗ ನೀವು ಮಾಡಬೇಕಾದ ಕೆಲಸ. ಕೆಂಪುಕಲ್ಲಿನ ಲಾರಿಗಳು ತೂಕ ಮಾಡಿಸುವ ಯಾವುದಾದರೂ ವೇಬ್ರಿಡ್ಜಿಗೆ ಎಂದಿನ ಲೋಡಿನಲ್ಲಿ ಹೋಗಿ. ಟ್ರೇಲರ್ ಕಟ್ಟಿಕೊಂಡೇ, ಅದರ ಚಕ್ರ ಹೊರಗಿರುವ ಹಾಗೆ ಗಾಡಿಯನ್ನು ನಿಲ್ಲಿಸಿ ಒಂದು ತೂಕ. ಆಮೇಲೆ ಹಿಂದಿನ ಚಕ್ರ ಮಾತ್ರ ಒಳಗಿಟ್ಟು ಇನ್ನೊಂದು. ಕೊನೆಗೆ ಟ್ರೇಲರ್ ಬಿಚ್ಚಿ ಅದೊಂದನ್ನೇ ತೂಗಿ. ಆರ್‌ಸಿಯಲ್ಲಿರುವ ಒಟ್ಟು ತೂಕ, ಆಕ್ಸಲ್ ತೂಕಗಳ ಜೊತೆ ಹೋಲಿಸಿ. ಮೀರಿದ್ದರೆ ಸ್ಪ್ರಿಂಗಿನಿಂದ ಪರಿಹಾರ ಇಲ್ಲ. ಎರಡು ಸಲ ಹೋಗಿ ಬನ್ನಿ, ಇಲ್ಲವೇ ದೊಡ್ಡ ಗಾಡಿ ನೋಡಿ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಮೀರದೆ ಇದ್ದೂ ಗಾಡಿ ಕೂರುತ್ತಿದ್ದರೆ ನಿಮ್ಮ ಪ್ಲೇಟ್ ಸೆಟ್ ಸೋತಿದೆ, ಹೊಸದು ಹಾಕಿಸಿ. ಪ್ಲೇಟ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹಳೆಯದನ್ನೇ ಮತ್ತೆ ಬಿಗಿಯಲು ಬಿಡಬೇಡಿ, ಅದೂ ಹೊಸದೇ ಇರಲಿ. ಆ ಮೂರು ತೂಕ, ಗಾಡಿ ಯಾವ ವರ್ಷದ್ದು ಅಂತ ಇಲ್ಲೇ ಬರೆಯಿರಿ. ನಿಮ್ಮದಕ್ಕೆ ಯಾವ ಸೆಟ್ ಬರುತ್ತದೆ ಅಂತ ನೋಡಿ ಹೇಳುತ್ತೇನೆ.